ಓಪನ್‌ಬಿಎಸ್‌ಡಿಯಲ್ಲಿ ವೈಫೈ ಬಾರದಿದ್ದರೆ ಫೋನನ್ನು ಜೋಡಿಸಿ

ಹಳೆಯ ಲ್ಯಾಪ್‌ಟಾಪಿಗೆ ಓಪನ್‌ಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದ ಮೇಲೆ ವೈಫೈ ಕೆಲಸ ಮಾಡದಿದ್ದರೆ, ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲಿನ ಮೂಲಕ ಹಂಚುವ ಸೌಲಭ್ಯ) ಆನ್ ಮಾಡಿ, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ‘ifconfig urndis0 inet autoconf’ ಎಂಬ ಆದೇಶವನ್ನು ಕೊಟ್ಟು, ಅನಂತರ ಬೇಕಾದ ಫರ್ಮ್‌ವೇರನ್ನು (ಕಾರ್ಡಿನೊಳಗೆ ಓಡುವ ತಂತ್ರಾಂಶ) ತರುವ ‘fw_update’ ಓಡಿಸಿ ಒಮ್ಮೆ ರೀಬೂಟ್ ಮಾಡಿರಿ. ಇಂಟೆಲ್‌ನಂತಹ ವೈಫೈ ಕಾರ್ಡುಗಳ ಫರ್ಮ್‌ವೇರನ್ನು ಮುಕ್ತವಾಗಿ ಹಂಚಲು ಅದರ ಪರವಾನಗಿ ಒಪ್ಪುವುದಿಲ್ಲವಾದ್ದರಿಂದ ಅದು ಇನ್‌ಸ್ಟಾಲ್ ಇಮೇಜಿನಲ್ಲಿ ಇರುವುದಿಲ್ಲ. ಫೋನಾದರೋ ತಂತಿಯ ನೆಟ್‌ವರ್ಕ್ ಕಾರ್ಡಿನಂತೆ ಕಾಣಿಸಿಕೊಳ್ಳುವುದರಿಂದ ಅದಕ್ಕೆ ಯಾವ ಫರ್ಮ್‌ವೇರೂ ಬೇಕಾಗುವುದಿಲ್ಲ. ಚಾರ್ಜಿಂಗ್‌ಗೆ ಮಾತ್ರ ಬರುವ ಅಗ್ಗದ ಕೇಬಲಿನಲ್ಲಿ ಈ ಉಪಾಯ ನಡೆಯದು, ಆದ್ದರಿಂದ ಮೊದಲು ಕೇಬಲನ್ನೇ ಬದಲಿಸಿ ನೋಡುವುದು ಒಳ್ಳೆಯದು; ಐಫೋನ್ ಬೇರೆ ಪದ್ಧತಿಯನ್ನು ಅನುಸರಿಸುವುದರಿಂದ ಅದರಲ್ಲಿಯೂ ಆಗುವುದಿಲ್ಲ. ‘dmesg’ ಎಂಬ ಆದೇಶ ತೋರಿಸುವ ಸಾಲುಗಳಲ್ಲಿ ನಿಮ್ಮ ವೈಫೈ ಕಾರ್ಡಿನ ಮುಂದೆ ‘not configured’ ಎಂದಿದ್ದರೆ ಕೊರತೆಯಿರುವುದು ಡ್ರೈವರಿನದೇ (ಕಾರ್ಡನ್ನು ನಡೆಸಲು ಆಪರೇಟಿಂಗ್ ಸಿಸ್ಟಮ್ಮಿನಲ್ಲಿರಬೇಕಾದ ತಂತ್ರಾಂಶ); ಆಗ ಫರ್ಮ್‌ವೇರ್ ತಂದರೂ ಪ್ರಯೋಜನವಿಲ್ಲ.