ಇಂಪ್ಲಾಂಟ್, ಹಲ್ಲು ಸೆಟ್ಟು ಇದ್ದೂ ಸ್ಕೂಬಾ ಡೈವಿಂಗ್: ನನ್ನ ಅನುಭವ

ಕೆಳದವಡೆಯಲ್ಲಿ ನನಗೊಂದು ಇಂಪ್ಲಾಂಟ್ ಇದೆ, ಅಂದರೆ ಮೂಳೆಗೆ ಸ್ಕ್ರೂ ಥರ ಕೂರಿಸಿದ ಕೃತಕ ಹಲ್ಲು. ಮೇಲ್ದವಡೆಯ ಎಡಗಡೆ ಎರಡು ಹಲ್ಲಿಗೆ ತೆಗೆದು ಹಾಕುವ ಸೆಟ್ಟು. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೊರಟೆ ಅಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನೀರಿನ ಒತ್ತಡಕ್ಕೆ ಆ ಸ್ಕ್ರೂ ಕಿತ್ಕೊಂಡು ಬರಲ್ವಾ?" ಬರಲ್ಲ. ನನಗೆ ತಲೆನೋವು ತಂದದ್ದು ಸೆಟ್ಟು.

ನೀರಿನ ಮೇಲೆ ಒತ್ತಡ 1 ಬಾರ್. 10 ಮೀಟರ್ ಇಳಿದರೆ 2, 20 ಮೀಟರ್‌ಗೆ 3. ಗಟ್ಟಿ ವಸ್ತುವಿಗೆ ಇದು ಲೆಕ್ಕಕ್ಕೇ ಇಲ್ಲ, ಯಾಕೆಂದರೆ ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುತ್ತದೆ. ಕಾಟ ಕೊಡುವುದು ಒಳಗೆ ಸಿಕ್ಕಿಕೊಂಡ ಗಾಳಿ. 10 ಮೀಟರ್‌ನಲ್ಲಿ ಅದು ಅರ್ಧಕ್ಕೆ ಕುಗ್ಗುತ್ತದೆ, ಮೇಲೆ ಬರುವಾಗ ಮತ್ತೆ ಹಿಗ್ಗುತ್ತದೆ. ಹುಳುಕು ಹಲ್ಲು, ಸಡಿಲವಾದ ಫಿಲ್ಲಿಂಗ್, ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್, ಇಂಥ ಕಡೆ ಜೀವ ಹೋಗುವ ಹಾಗೆ ನೋಯುವುದು ಇದಕ್ಕೇ. ಇಂಪ್ಲಾಂಟ್ ಮೂಳೆಯೊಳಗೆ ಬೆಸೆದುಕೊಂಡ ಟೈಟಾನಿಯಂ. ಅದರೊಳಗೆ ನೋಯಲು ನರವೂ ಇಲ್ಲ.

ಆದರೆ ಮೂಳೆ ಹಿಡಿಯುವ ತನಕ ನನ್ನ ಡಾಕ್ಟರು ನೀರಿಗೆ ಬಿಡಲಿಲ್ಲ. ಸಾಮಾನ್ಯವಾಗಿ ಇದಕ್ಕೆ 3ರಿಂದ 6 ತಿಂಗಳು ಬೇಕು. ನೀರೊಳಗೆ ಉಸಿರಾಡಲು ಬಾಯಲ್ಲಿಟ್ಟುಕೊಳ್ಳುವ ಮೌತ್‌ಪೀಸನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿದರೆ ಹಸಿ ಜಾಗಕ್ಕೆ ಒಳ್ಳೇದಲ್ಲ ಅಲ್ವಾ? ಮೇಲಿನ ಕ್ಯಾಪ್ ನಾನು ಸ್ಕ್ರೂ ಹಾಕಿ ಕೂರಿಸುವಂಥದ್ದನ್ನೇ ಕೇಳಿದೆ. ಸ್ಕ್ರೂ ಬಿಗಿ ಮಾಡಿ, ಅದರ ತೂತಿಗೆ ಟೆಫ್ಲಾನ್ ಟೇಪ್ ತುರುಕಿ, ಮೇಲೆ ಫಿಲ್ಲಿಂಗ್ ಮುಚ್ಚಿದರು. ಹೌದು, ಪ್ಲಂಬರ್ ನಲ್ಲಿಗೆ ಸುತ್ತುವ ಅದೇ ಬಿಳಿ ಟೇಪಿನ ಜಾತಿ! "ಡೈವಿಂಗ್ ಮಾಡ್ತೀರಲ್ಲ, ಖಾಲಿ ಜಾಗ ಬಿಡಲ್ಲ" ಅಂತ ಒತ್ತಿ ಒತ್ತಿ ತುಂಬಿದರು. ಸಿಮೆಂಟ್ ಹಾಕಿ ಅಂಟಿಸುವ ಕ್ಯಾಪ್ ಆದರೆ ಯಾವ ಸಿಮೆಂಟ್ ಅಂತ ಕೇಳಿಕೊಳ್ಳಿ. ಒತ್ತಡ ಮತ್ತೆ ಮತ್ತೆ ಏರಿಳಿದರೆ ಜಿಂಕ್ ಫಾಸ್ಫೇಟ್, ಗ್ಲಾಸ್ ಅಯಾನಮರ್ ಸಿಮೆಂಟುಗಳ ಹಿಡಿತ ಕಡಿಮೆಯಾಗುತ್ತದೆ, ರೆಸಿನ್ ಸಿಮೆಂಟ್ ಚೆನ್ನಾಗಿ ತಡೆಯುತ್ತದೆ ಅಂತ ಲ್ಯಾಬ್ ಪರೀಕ್ಷೆಗಳಲ್ಲಿ ಕಂಡಿದೆ. ತಾತ್ಕಾಲಿಕ ಕ್ಯಾಪ್ ಹಾಕಿಕೊಂಡು ಇಳಿಯಲೇಬೇಡಿ.

ಮೇಲ್ದವಡೆಯ ಹಿಂಭಾಗದ ಕಥೆ ಬೇರೆ. ನಮ್ಮ ಭಾವನಿಗೆ ಅಲ್ಲಿ ಮೂಳೆ ಸಾಲದೆ ಸೈನಸ್ ಲಿಫ್ಟ್ (ಕೆನ್ನೆಯೊಳಗಿನ ಗಾಳಿಗೂಡಿನ ತಳ ಎತ್ತಿ ಮೂಳೆ ತುಂಬುವುದು) ಮಾಡಿ ಇಂಪ್ಲಾಂಟ್ ಹಾಕಿದ್ದಾರೆ. ಇಳಿಯುವಾಗ ಕಿವಿ ಬಿಡಿಸಿಕೊಳ್ಳಲು ಮೂಗು ಹಿಡಿದು ಊದುತ್ತೇವಲ್ಲ, ಆ ಒತ್ತಡ ಸೈನಸ್‌ಗೂ ಹೋಗುತ್ತದೆ. ಹೊಸದಾಗಿ ತುಂಬಿದ ಮೂಳೆ ಕದಲಬಹುದು. ಇಳಿಯಬಹುದು ಅಂತ ಡಾಕ್ಟರು ಬರೆದು ಕೊಡುವ ತನಕ ಭಾವ ದಡದಲ್ಲೇ.

ಇನ್ನು ಸೆಟ್ಟು. ನೀರು ಅದನ್ನು ಒಡೆಯಲ್ಲ, ಒಸಡಿಗೆ ಒತ್ತಿ ಹಿಡಿಯುವುದೂ ಇಲ್ಲ. ಸೆಟ್ಟು ಕೂರುವುದಕ್ಕೆ ತೆಳುವಾದ ಎಂಜಲಿನ ಪದರ ಬೇಕು. ಸಿಲಿಂಡರ್ ಗಾಳಿಯಲ್ಲಿ ತೇವವೇ ಇಲ್ಲ. ಸ್ವಲ್ಪ ಹೊತ್ತಿಗೇ ಬಾಯಿ ಒಣಗಿ ಅಂಟು ಬಿಡುತ್ತದೆ. ಮೇಲಿಂದ ಮೌತ್‌ಪೀಸಿನ ಎರಡು ಕಚ್ಚುಪಟ್ಟಿಗಳು ಅದನ್ನು ಒಂದು ಕಡೆಗೆ ಎತ್ತುತ್ತವೆ. ಮೊದಲ ಪಾಠದಲ್ಲೇ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ, ಮೌತ್‌ಪೀಸ್ ಇರುವುದು ಇದಕ್ಕೇ) ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳಬೇಕು. ಆಗ ಸೆಟ್ಟೂ ಜೊತೆಗೆ ಬಂದರೆ? ಅಥವಾ ಗಂಟಲಿಗೆ ಹೋದರೆ? ಎರಡು ಹಲ್ಲಿನ ಸಣ್ಣ ಸೆಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಇನ್‌ಸ್ಟ್ರಕ್ಟರ್ ಹುಡುಗ ಎರಡು ಮಾತಾಡಲಿಲ್ಲ: "ಅಂಕಲ್, ಅದನ್ನ ದಡದಲ್ಲೇ ತೆಗೆದಿಟ್ಟು ಬನ್ನಿ."

ದಡದಲ್ಲೇ ಅಂದದ್ದಕ್ಕೆ ಕಾರಣ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವಾಗ ಅಲೆ ಜಾಸ್ತಿ ಇದ್ದರೆ ಅರ್ಧ ದೋಣಿ ವಾಂತಿ ಮಾಡುತ್ತದೆ. ಕಟಕಟೆಗೆ ಬಾಗಿದವರ ಸೆಟ್ಟು ಸಮುದ್ರಪಾಲಾದರೆ ಹುಡುಕುವವರು ಯಾರು? ನಾನು ರೂಮಿನಲ್ಲೇ ತೆಗೆದು, ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಇಡುತ್ತೇನೆ. ಒಣಗಿದರೆ ಸೆಟ್ಟು ಸೊಟ್ಟಗಾಗುತ್ತದೆ. ಟಿಶ್ಯೂನಲ್ಲಿ ಸುತ್ತಿಟ್ಟರೆ ಯಾರೋ ಕಸ ಅಂತ ಎಸೆಯುತ್ತಾರೆ.

ಸೆಟ್ಟು ತೆಗೆದ ಮೇಲೆ ಎಡಗಡೆ ಕಚ್ಚಲು ಏನೂ ಇರಲಿಲ್ಲ. ಬಾಡಿಗೆ ಮೌತ್‌ಪೀಸ್ ಬಲಕ್ಕೆ ವಾಲಿ, ತುಟಿಯ ಸಂದಿಯಿಂದ ಉಪ್ಪುನೀರು ಒಸರುತ್ತಿತ್ತು, ದವಡೆಯ ಕೀಲು ನೋಯುತ್ತಿತ್ತು. ಬಿಸಿನೀರಲ್ಲಿ ಅದ್ದಿ ಕಚ್ಚಿ ನಮ್ಮ ಬಾಯಿಗೆ ಒಗ್ಗಿಸಿಕೊಳ್ಳುವ ಮೌತ್‌ಪೀಸ್ ಸಿಗುತ್ತದೆ. ಅದನ್ನು ತರಿಸಿದೆ. ಸೆಟ್ಟು ಇಲ್ಲದೆಯೇ ಕಚ್ಚಿದೆ. ಮೆತ್ತಗಾದ ಪಟ್ಟಿ ಖಾಲಿ ಜಾಗಕ್ಕೆ ಇಳಿದು ಅಲ್ಲೊಂದು ಉಬ್ಬು ಎದ್ದಿತು. ಆಮೇಲೆ ರೆಗ್ಯುಲೇಟರಿನ ಜಿಪ್ ಟೈ ಕತ್ತರಿಸಿ, ಹಳೆಯದನ್ನು ಕಿತ್ತು, ಇದನ್ನು ಹೊಸ ಟೈ ಹಾಕಿ ಬಿಗಿದರೆ ಆಯಿತು. ಟೈ ತುದಿಯನ್ನು ಸಮನಾಗಿ ಕತ್ತರಿಸಿ, ಇಲ್ಲದಿದ್ದರೆ ಕೆನ್ನೆಗೆ ಗೀರುತ್ತದೆ. ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಇದು ಸಾಲದು. ದಂತವೈದ್ಯರಿಂದ ಅಳತೆ ಕೊಟ್ಟು ಮಾಡಿಸಿಕೊಳ್ಳಬೇಕು.

ಮಳೆಗಾಲದಲ್ಲಿ ನೇತ್ರಾಣಿ ಡೈವಿಂಗ್ ಹೇಗೂ ಬಂದ್. ಹಲ್ಲಿನ ಡಾಕ್ಟರ ಹತ್ತಿರ ನಾನು ಹೋಗುವುದು ಆಗಲೇ. ಕ್ಯಾಪ್ ಅಲ್ಲಾಡುತ್ತದಾ, ಯಾವ ಫಿಲ್ಲಿಂಗಾದರೂ ಸಡಿಲವಾಗಿದೆಯಾ ನೋಡಿಸಿ, ಒಂದು ಎಕ್ಸ್‌ರೇ ತೆಗೆಸುತ್ತೇನೆ. ಏನಾದರೂ ರಿಪೇರಿ ಬಂದರೆ, ದೋಣಿಗಳು ಮತ್ತೆ ಹೊರಡುವ ಮೊದಲು ಅದು ಗಟ್ಟಿಯಾಗಲು ಬೇಕಾದಷ್ಟು ಸಮಯ ಇರುತ್ತದೆ.