ರಿಮ್ಯಾಪ್ ಮಾಡಿಸಿದ ಕಾರಿಗೆ ಯಾವ ಪೆಟ್ರೋಲ್?

ಪೋಲೊ, ವರ್ಟಸ್, ಆಕ್ಟೇವಿಯಾ, ಯಾವುದೇ ಟರ್ಬೊ ಕಾರಿಗೆ ಸ್ಟೇಜ್ 1 ರಿಮ್ಯಾಪ್ (ಬಿಡಿಭಾಗ ಬದಲಿಸದೆ, ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಮಾತ್ರ ಬದಲಿಸಿ ಪವರ್ ಏರಿಸುವುದು) ಮಾಡಿಸಿದವರು ಬಂಕಿಗೆ ಹೋಗಿ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಕೇಳಬೇಕಾದ್ದು ರಿಮ್ಯಾಪ್ ಮಾಡಿಕೊಟ್ಟ ಟ್ಯೂನರ್ ಹತ್ತಿರ. ಮ್ಯಾಪ್ (ಆ ಸಾಫ್ಟ್‌ವೇರ್) ಯಾವ ಆಕ್ಟೇನ್‌ಗೆ (ತಾನಾಗೇ ಹೊತ್ತಿಕೊಳ್ಳದೆ ತಡೆಯುವ ಪೆಟ್ರೋಲ್‌ನ ಶಕ್ತಿಯ ನಂಬರ್) ಬರೆದದ್ದು, ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಹಾಕಿ ನೋಡಿದ್ದಾರಾ ಅಂತ ಕೇಳಿ. ಉತ್ತರ ವಾಟ್ಸಾಪ್‌ನಲ್ಲಿ ಬರಲಿ, ಬಾಯಿಮಾತು ಬೇಡ.

ಒಂದು ಕಡೆ ಮಾತ್ರ ತುಂಬಾ ಜನ ಎಡವುತ್ತಾರೆ. ನಮ್ಮ ಬಂಕ್‌ಗಳ ನಂಬರ್ ರಾನ್ (RON) ಅನ್ನುವ ಆಕ್ಟೇನ್ ಅಳತೆಯದ್ದು, ಅಮೆರಿಕದವರದ್ದು ಎಕೆಐ (AKI) ಅನ್ನುವ ಬೇರೆ ಅಳತೆ, ಒಂದೇ ಪೆಟ್ರೋಲ್‌ಗೆ ಅವರ ನಂಬರ್ ನಾಲ್ಕೈದು ಕಡಿಮೆ ಬರುತ್ತದೆ. ಹಾಗಾಗಿ ಅಲ್ಲಿಂದ ತರಿಸಿದ ಫೈಲ್ ಮೇಲೆ ‘91’ ಅಂತಿದ್ದರೆ ಅದು ನಮ್ಮ ಲೆಕ್ಕದ 91 ಅಲ್ಲವೇ ಅಲ್ಲ, ಹೆಚ್ಚುಕಡಿಮೆ ನಮ್ಮ 95. ‘93’ ಅಂದರೆ ಇಲ್ಲಿಯ 97-98.

ನಂಬರ್ ಗೊತ್ತಾದ ಮೇಲೆ ಕೆಲಸ ಸುಲಭ. 95ರ ಮ್ಯಾಪ್‌ಗೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95 ಸಾಕು. ಅದಕ್ಕಿಂತ ಮೇಲಿನ ಮ್ಯಾಪ್ ಆದರೆ ಎಚ್‌ಪಿಯ ಪವರ್99 ಅಥವಾ ಎಕ್ಸ್‌ಪಿ100. ಹೆಸರಲ್ಲಿ ‘ಪ್ರೀಮಿಯಂ’ ಅಂತಿದ್ದರೆ ಸಾಲದು. ಬರೀ ಎಂಜಿನ್ ಕ್ಲೀನ್ ಮಾಡುವ ಅಡಿಟಿವ್ ಸೇರಿಸಿದರೆ ಆಕ್ಟೇನ್ ಏರುವುದಿಲ್ಲ.

ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲ್ ಒತ್ತಡಕ್ಕೂ ಬಿಸಿಗೂ ಬೇಗ ತಾನಾಗೇ ಹೊತ್ತಿಕೊಳ್ಳುವುದಿಲ್ಲ, ಅಷ್ಟೇ. ಟರ್ಬೊ ಬೂಸ್ಟ್ (ಎಂಜಿನ್‌ಗೆ ಗಾಳಿ ತುಂಬುವ ಒತ್ತಡ) ಏರಿಸಿ, ಸ್ಪಾರ್ಕ್ ಬೇಗ ಹೊತ್ತುವಂತೆ ಇಗ್ನಿಷನ್ ಟೈಮಿಂಗ್ ಮುಂದೆ ತಂದ ಮ್ಯಾಪ್‌ಗೆ ಈ ಗುಣ ಬೇಕೇ ಬೇಕು. 95ಕ್ಕೆ ಬರೆದ ಮ್ಯಾಪ್‌ಗೆ 100 ಸುರಿದರೆ ಹೆಚ್ಚೇನೂ ಸಿಗುವುದಿಲ್ಲ, ಲೀಟರ್‌ಗೆ ಸುಮಾರು ಒಂದೂವರೆ ಪಟ್ಟು ದುಡ್ಡು ಸುಮ್ನೆ ದಂಡ.

ಟ್ಯಾಂಕ್‌ನಲ್ಲಿ ಹಳೆಯದು ಉಳಿದಿರುತ್ತದೆ ಅನ್ನುವುದನ್ನು ಮರೆಯಬೇಡಿ. 20 ಲೀಟರ್ 91ರ ಮೇಲೆ 20 ಲೀಟರ್ 99 ಹಾಕಿದರೆ ಸಿಗುವುದು ಸುಮಾರು 95. ಅದಕ್ಕೇ ರಿಮ್ಯಾಪ್ ದಿನ ಟ್ಯಾಂಕ್ ಆದಷ್ಟು ಖಾಲಿ ಮಾಡಿಕೊಂಡು ಹೋಗಿ, ಸರಿಯಾದ ಪೆಟ್ರೋಲ್ ತುಂಬಿಸಿಯೇ ಕಾರು ಕೊಡಿ.

ಆಮೇಲೆ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಸಾಧನ) ಹಾಕಿ ಲಾಗ್ ನೋಡಿ, ಡೈನೊ (ಕಾರು ನಿಂತಲ್ಲೇ ಪವರ್ ಅಳೆಯುವ ಯಂತ್ರ) ಮೇಲೆ ಆದರೆ ಇನ್ನೂ ಒಳ್ಳೆಯದು. ನಾಕ್ (ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಬಡಿಯುವುದು) ಆದಾಗ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಸ್ಪಾರ್ಕ್ ತಡವಾಗುವಂತೆ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಆಗಾಗ ಒಂದೆರಡು ಡಿಗ್ರಿ ಎಳೆದರೆ ಗಾಬರಿ ಬೇಡ, ಆದರೆ ಎಲ್ಲ ಸಿಲಿಂಡರ್‌ಗಳಲ್ಲೂ ಪದೇ ಪದೇ ನಾಲ್ಕೈದು ಡಿಗ್ರಿ ಕಂಡರೆ ಪೆಟ್ರೋಲ್ ಬದಲಿಸಿ, ಇಲ್ಲವೇ ಟ್ಯೂನರ್‌ಗೆ ಹೇಳಿ ಮ್ಯಾಪ್ ಇಳಿಸಿಕೊಳ್ಳಿ. ಆಕ್ಟೇನ್ ಬೂಸ್ಟರ್ ಬಾಟಲಿಗಳ ಸಹವಾಸ ನನಗಂತೂ ಬೇಡ. ಮ್ಯಾಂಗನೀಸ್ ಇರುವಂಥವು ಸ್ಪಾರ್ಕ್ ಪ್ಲಗ್ ಮೇಲೆ ಕೆಂಪಗೆ ಕೂರುತ್ತವೆ.

ಸಾದಾ ಪೆಟ್ರೋಲ್ 91 ಇದ್ದ ಕಾಲದಲ್ಲಿ, ಊರು ಬಿಟ್ಟು ಹೊರಟರೆ 95 ಸಿಗದ ಬಂಕ್‌ಗಳೇ ಜಾಸ್ತಿ ಇದ್ದವು. ಮಂಗಳೂರಿಂದ ವಾಪಸ್ ಬರುವಾಗ ಒಮ್ಮೆ ಬೇರೆ ದಾರಿಯಿಲ್ಲದೆ 91 ಹಾಕಿಸಿದೆ. ಶಿರಾಡಿ ಘಾಟ್ ಏರುವಾಗ ಐದನೇ ಗೇರ್‌ನಲ್ಲೇ ಆಕ್ಸಿಲರೇಟರ್ ಒತ್ತಿದ್ದು ನನ್ನದೇ ಸೋಮಾರಿತನ. ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬಂತು, ಅದೇ ನಾಕ್. ಕಾಲು ತೆಗೆದು, ಮೂರನೇ ಗೇರ್‌ಗೆ ಇಳಿಸಿ, ಲಾರಿಯೊಂದರ ಹಿಂದೆ ಮೆಲ್ಲಗೆ ಸಕಲೇಶಪುರ ಸೇರಿಕೊಂಡೆ.