ಬರೆ, ತೋಡು, ಒಂದು ಶೆಡ್ಡು: ಪುನರ್ವಸತಿ ಬಡಾವಣೆಯಲ್ಲಿ ನನ್ನ ಅನುಭವ

ಕೊಡಗಿನಲ್ಲಿ ಮನೆ ಕಟ್ಟಬೇಕು ಅಂದರೆ ಮೊದಲು ಬರುವುದು ಜೆಸಿಬಿ. ಇಳಿಜಾರನ್ನು ಕಡಿದು ಮಟ್ಟ ಮಾಡುತ್ತಾರೆ, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳುತ್ತಾರೆ. ಮನೆಯ ಹಿಂದೆ ಎರಡಾಳೆತ್ತರದ ಬರೆ, ಅಂದರೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ; ಮುಂದೆ ಸಡಿಲ ಮಣ್ಣಿನ ಅಂಗಳ. ಬೇಸಿಗೆಯಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದಾಗ ಹಿಂದಿನ ಬರೆ ಅಡುಗೆಮನೆಗೆ ನುಗ್ಗುತ್ತದೆ, ಮುಂದಿನ ಅಂಗಳ ಕೆಳಗಿನ ಮನೆಯವರ ಮಾಡಿನ (ಛಾವಣಿಯ) ಮೇಲೆ ಬೀಳುತ್ತದೆ.

ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಹುಟ್ಟಿದ್ದು ಸೋಮವಾರಪೇಟೆ ಹತ್ತಿರ, ಓದಿದ್ದು ಅಹಮದಾಬಾದಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಅಂದರೆ ರೆಸಾರ್ಟಿಗೆ ಹುಲ್ಲುಹಾಸು, ಹೋಂಸ್ಟೇಗೆ ಹೂವಿನ ಗಿಡ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅದನ್ನೂ ಮಾಡಿದ್ದೇನೆ. ಆದರೆ ಈ ವಿದ್ಯೆ ನಿಜವಾಗಿ ಬೇಕಾಗಿರುವುದು ಮನೆ ಮತ್ತು ಮನೆಯ ನಡುವಿನ ಜಾಗಕ್ಕೆ, ಯಾರ ಹೆಸರಿನಲ್ಲೂ ಇಲ್ಲದ ನೆಲಕ್ಕೆ. ನೀರು ಹರಿಯುವುದು ಅಲ್ಲೇ, ಮಕ್ಕಳು ಆಡುವುದು ಅಲ್ಲೇ, ಅಕ್ಕಪಕ್ಕದವರು ಜಗಳ ಆಡುವುದೂ ಅಲ್ಲೇ. ನೀರಿನ ಲೆಕ್ಕವನ್ನೂ ಜನರ ಬದುಕನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಎರಡೂ ಕೆಡುತ್ತವೆ. ಒಂದು ಪುನರ್ವಸತಿ ಬಡಾವಣೆಯಲ್ಲಿ ಕೆಲಸ ಮಾಡುವಾಗ ಇದು ನನಗೆ ಗಟ್ಟಿಯಾಗಿ ಮನದಟ್ಟಾಯಿತು.

2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಗಳೇ ಜಾರಿದವು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಮಳೆ ಕಾರಣ ಅನ್ನುವುದು ನಿಜ. ಆದರೆ ಮಳೆ ಮೊದಲೂ ಇತ್ತು. ಇಳಿಜಾರನ್ನು ಸಿಕ್ಕ ಹಾಗೆ ಕಡಿದದ್ದು, ತೋಡು (ಸಣ್ಣ ಹಳ್ಳ) ಮುಚ್ಚಿದ್ದು, ಗದ್ದೆ ತುಂಬಿಸಿದ್ದು ಇತ್ತೀಚಿನ ಕೆಲಸ.

ಮನೆ ಕಳೆದುಕೊಂಡವರಿಗೆ ಸರ್ಕಾರವೂ ದಾನಿಗಳೂ ಸೇರಿ ಹೊಸ ಮನೆ ಕಟ್ಟಿಕೊಟ್ಟರು. ನಾನು ಹೋದ ಬಡಾವಣೆಯಲ್ಲಿ ಮನೆಗಳು ಚೆನ್ನಾಗಿಯೇ ಇದ್ದವು. ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಕಡಿದು ಸಾಲಾಗಿ ಕಟ್ಟಿದ್ದರು. ಸಾಲು ಸಾಲಿನ ನಡುವೆ ಬರಿ ಕೆಂಪು ಮಣ್ಣು. ಬಂದವರು ಬೇರೆ ಬೇರೆ ಊರಿನವರು. ಕೆಲವರಿಗೆ ಮೂರ್ನಾಲ್ಕು ಎಕರೆ ಕಾಫಿ ತೋಟ ಇತ್ತು, ಕೆಲವರು ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದವರು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ತಮಿಳು ಎಲ್ಲವೂ ಒಂದೇ ರಸ್ತೆಯಲ್ಲಿ. ತೋಟದ ನಡುವೆ ಒಂಟಿ ಮನೆಯಲ್ಲಿ ಬದುಕಿದವರಿಗೆ ಪಕ್ಕದ ಮನೆಯ ಕುಕ್ಕರ್ ಸದ್ದು ಕೇಳುವ ಹಾಗೆ ಬದುಕುವುದು ಸುಲಭ ಅಲ್ಲ, ಅಲ್ವಾ?

ನನ್ನನ್ನು ಕರೆದದ್ದು ಪಾರ್ಕ್ ಮಾಡಿಕೊಡಿ ಅಂತ. ಮಳೆಗಾಲ ಬರಲಿ, ಆಮೇಲೆ ಹೇಳುತ್ತೇನೆ ಅಂದೆ.

ನನ್ನ ಮಟ್ಟಿಗೆ ಕೊಡಗಿನಲ್ಲಿ ಸರ್ವೆ ಮಾಡಬೇಕಾದದ್ದು ಜುಲೈನಲ್ಲಿ. ಬೇಸಿಗೆಯ ಸರ್ವೆಯಲ್ಲಿ ನೆಲದ ಎತ್ತರ ತಗ್ಗು ಸಿಗುತ್ತದೆ, ನೀರಿನ ದಾರಿ ಸಿಗುವುದಿಲ್ಲ. ಕೊಡೆ ಹಿಡಿದು, ಗಂಬೂಟ್ ಹಾಕಿ, ಕಾಲಿಗೆ ಜಿಗಣೆಗೆ ಅಂತ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ನೀರಿನ ಹಿಂದೆ ನಡೆದೆ. ಬಿದಿರಿನ ಗೂಟಗಳಿಗೆ ಬಣ್ಣದ ಬಟ್ಟೆ ಕಟ್ಟಿ ಹುಗಿದೆ. ನೀರು ಹರಿಯುವಲ್ಲಿ ಕೆಂಪು, ನಿಲ್ಲುವಲ್ಲಿ ಹಳದಿ, ಬರೆಯಿಂದ ಒಸರುವಲ್ಲಿ ಬಿಳಿ. ಬಿಳಿ ಬಟ್ಟೆ ನನಗೆ ಮುಖ್ಯ. ಮಳೆ ನಿಂತ ಮೇಲೂ ಬರೆಯ ಒಂದೇ ಜಾಗದಲ್ಲಿ ನೀರು ಒಸರುತ್ತಿದೆ ಅಂದರೆ ಮಣ್ಣಿನ ಒಳಗೆ ನೀರು ತುಂಬಿ ಹೊರಗೆ ಬರಲು ದಾರಿ ಹುಡುಕುತ್ತಿದೆ ಅಂತ ಅರ್ಥ.

ಮೂರನೇ ಸಾಲಿನಲ್ಲಿ ಕೆಂಪು ಬಟ್ಟೆಗಳೆಲ್ಲ ಒಂದು ರಸ್ತೆಯ ಹತ್ತಿರ ಬಂದು ನಿಂತವು. ನೀರು ಅಲ್ಲಿಂದ ಎರಡು ಮನೆಯ ಅಂಗಳಕ್ಕೆ ಹೊರಳುತ್ತಿತ್ತು. ಬಡಾವಣೆಯ ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ. ಪಕ್ಕದ ತೋಟದಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದ ಒಬ್ಬ ಅಜ್ಜ ಬೇಲಿಯ ಆಚೆಯಿಂದ ನೋಡುತ್ತಾ ಇದ್ದರು. “ಅಲ್ಲಿ ತೋಡು ಇತ್ತು ಮೇಡಂ. ರಸ್ತೆ ಮಾಡುವಾಗ ಮುಚ್ಚಿದ್ರು. ನೀರಿಗೆ ಹಳೆ ದಾರಿ ಗೊತ್ತುಂಟಲ್ಲ” ಅಂದರು. ರಸ್ತೆಯಡಿ ದೊಡ್ಡ ಪೈಪಿನ ಮೋರಿ ಹಾಕಿಸಿ ಆ ತೋಡನ್ನು ಮತ್ತೆ ತೆರೆದೆವು. ಇಡೀ ಯೋಜನೆಯಲ್ಲಿ ಅತಿ ಮುಖ್ಯ ಕೆಲಸ ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಈ ಮೋರಿಯನ್ನು.

1960ರ ದಶಕದಲ್ಲಿ ಅಮೆರಿಕದಲ್ಲಿ ಇಯಾನ್ ಮೆಕ್‌ಹಾರ್ಗ್ ಅನ್ನುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಒಂದು ಕ್ರಮವನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಮಾಡಿದರು. ಮಣ್ಣು, ಇಳಿಜಾರು, ನೀರು, ಮರ, ಒಂದೊಂದಕ್ಕೂ ಒಂದೊಂದು ಪಾರದರ್ಶಕ ನಕ್ಷೆ. ಒಂದರ ಮೇಲೊಂದು ಇಟ್ಟರೆ ಎಲ್ಲಿ ಕಟ್ಟಬಹುದು, ಎಲ್ಲಿ ಕೈ ಹಾಕಬಾರದು ಅಂತ ಕಾಣುತ್ತದೆ. ನಾನು ಟ್ರೇಸಿಂಗ್ ಹಾಳೆಯಲ್ಲಿ ಅದನ್ನೇ ಮಾಡಿ, ಇನ್ನೊಂದು ಹಾಳೆ ಸೇರಿಸಿದೆ. ಜನ ದಿನಾ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ, ಬಟ್ಟೆ ಎಲ್ಲಿ ಒಣಹಾಕುತ್ತಾರೆ. ಆ ಹಾಳೆ ತಯಾರಾದದ್ದು ಅಲ್ಲಿನ ಹೆಂಗಸರು ಹೇಳಿದ್ದರಿಂದ.

ಬರೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೇಳುವವರು ಜಾಸ್ತಿ. ಮೊದಲ ಕೆಲಸ ಬರೆಯ ನೆತ್ತಿಯಲ್ಲಿ. ಅಂಚಿನಿಂದ ಸ್ವಲ್ಪ ಹಿಂದೆ ಒಂದು ಚರಂಡಿ, ನೀರು ಇಂಗದ ಹಾಗೆ ತಳಕ್ಕೆ ಕಾಂಕ್ರೀಟ್. ಮೇಲಿಂದ ಬರುವ ನೀರು ಬರೆಯ ಮುಖಕ್ಕೆ ಇಳಿಯದೆ ಪಕ್ಕಕ್ಕೆ ಹೋಗಿ, ಮೆಟ್ಟಿಲಿನ ಮೇಲೆ ವೇಗ ಕಳೆದುಕೊಂಡು ತೋಡಿಗೆ ಸೇರಬೇಕು. ಎರಡನೆಯದು ಬುಡ. ಅಲ್ಲಿ ತಂತಿ ಬಲೆಯೊಳಗೆ ಕಾಡುಕಲ್ಲು ತುಂಬಿದ ಗೋಡೆ, ಗೇಬಿಯನ್ ಅನ್ನುತ್ತಾರೆ. ಕಲ್ಲಿನ ಸಂದಿಯಿಂದ ನೀರು ಹೊರಗೆ ಬರುತ್ತದೆ. ಸಿಮೆಂಟ್ ತಡೆಗೋಡೆಯೇ ಬೇಕು ಅಂದರೆ ಅದರಲ್ಲಿ ನೀರಿಳಿಯುವ ತೂತುಗಳು ಇರಲೇಬೇಕು, ಹಿಂದೆ ಜಲ್ಲಿ ತುಂಬಲೇಬೇಕು. ತೂತಿಲ್ಲದ ಗೋಡೆ ಅಷ್ಟೂ ನೀರನ್ನು ಬೆನ್ನ ಮೇಲೆ ಹೊತ್ತು ನಿಲ್ಲುತ್ತದೆ, ಒಂದು ದಿನ ಬೀಳುತ್ತದೆ.

ಮೂರನೆಯದು ಬೇರು. ಬರೆಯ ಮುಖದಲ್ಲಿ ಅಡ್ಡ ಸಾಲಾಗಿ ಲಾವಂಚ ನೆಟ್ಟೆವು. ಗಿಡದಿಂದ ಗಿಡಕ್ಕೆ ಸುಮಾರು 15 ಸೆಂಟಿಮೀಟರ್. ಒಳ್ಳೆಯ ಮಣ್ಣಿನಲ್ಲಿ ಅದರ ಬೇರು 2ರಿಂದ 3 ಮೀಟರ್ ನೇರ ಕೆಳಗೆ ಇಳಿಯುತ್ತದೆ. ಆದರೆ ಲಾವಂಚಕ್ಕೆ ಬಿಸಿಲು ಬೇಕು. ಸಿಲ್ವರ್ ಓಕ್ ನೆರಳಿನಲ್ಲಿ ನೆಟ್ಟರೆ ಸೊರಗುತ್ತದೆ. ನೆರಳಿರುವ ಕಡೆ, ತೋಡಿನ ದಡದಲ್ಲಿ ವಾಟೆ ಬಿದಿರು ಹಾಕಿದೆವು. ಬರೆಯ ಅಂಚಿಗೆ ದೊಡ್ಡ ಮರ ಬೇಡ ಅಂತ ಹಟ ಹಿಡಿದೆ. ಗಾಳಿ ಮಳೆಗೆ ಮರ ಅಲುಗಿದರೆ ಅಂಚು ಬಿರುಕು ಬಿಡುತ್ತದೆ. ಹಲಸು, ನೇರಳೆ, ಅತ್ತಿ, ಹೊನ್ನೆಗೆ ಕೆಳಗಿನ ಮಟ್ಟದ ಜಾಗದಲ್ಲಿ ಅವಕಾಶ ಕೊಟ್ಟೆವು.

ಇಂಗುಗುಂಡಿ ಬಗ್ಗೆ ಮಾತ್ರ ದೊಡ್ಡ ಚರ್ಚೆಯೇ ಆಯಿತು. ಇಂಗುಗುಂಡಿ ಅಂದರೆ ಪುಣ್ಯದ ಕೆಲಸ ಅಂತ ನಾವೆಲ್ಲ ನಂಬಿದ್ದೇವೆ, ಬಯಲುಸೀಮೆಯಲ್ಲಿ ಅದು ನಿಜವೂ ಹೌದು. ಆದರೆ ಮನೆಗಳ ಮೇಲಿನ ಕಡಿದ ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ಇಂಗಿಸಿದರೆ ಮಣ್ಣು ಭಾರವಾಗುತ್ತದೆ, ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಒಂದೇ ಮನೆಯದ್ದು ಇಷ್ಟು. ಅದನ್ನು ಬರೆಯ ತಲೆಯ ಮೇಲೆ ಇಂಗಿಸುವುದು ಬೇಡ, ಪೈಪಿನಲ್ಲಿ ಕೆಳಗೆ ಇಳಿಸಿ, ಗದ್ದೆಯಲ್ಲಿ ಇಂಗಲಿ ಅಂದೆ. ಒಪ್ಪಲು ಸಮಯ ಹಿಡಿಯಿತು. ಆದರೆ ಬಿಳಿ ಬಟ್ಟೆಯ ಗೂಟಗಳ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ ಮೇಲೆ ಯಾರೂ ಎದುರಾಡಲಿಲ್ಲ.

ಇನ್ನು ಆ ಗದ್ದೆ. ಬಡಾವಣೆಯ ಕೆಳಗೆ ಸುಮಾರು ಅರ್ಧ ಎಕರೆ, ಬೇಸಾಯ ಇಲ್ಲದೆ ಹಡ್ಲು ಬಿದ್ದಿತ್ತು. ಮೇಲೆ ಕಡಿದ ಮಣ್ಣನ್ನು ಅಲ್ಲಿ ತುಂಬಿಸಿ ಮೈದಾನ ಮಾಡುವ ಮಾತು ನಡೆದಿತ್ತು. ಹುಡುಗರಿಗೆ ಹಾಕಿ ಆಡಲು ಜಾಗ ಬೇಕಿತ್ತು, ಅದು ನ್ಯಾಯವಾದ ಬೇಡಿಕೆ. ಕೊಡಗಿನ ಮಕ್ಕಳಿಗೆ ಹಾಕಿ ಸ್ಟಿಕ್ ಕೊಟ್ಟು ಮೈದಾನ ಕೊಡದೆ ಇರುವುದು ಹೇಗೆ? ಆದರೆ ಗದ್ದೆ ತುಂಬಿಸಿದರೆ ಮೇಲಿನ ನೀರೆಲ್ಲ ನೇರ ಕೆಳಗಿನ ಊರಿಗೆ. ಬದು ಒಂದು ಅಡಿ ಎತ್ತರ ಇಟ್ಟರೆ ಅರ್ಧ ಎಕರೆಯಲ್ಲಿ ಸುಮಾರು 6 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಜೋರು ಮಳೆಯ ಹೊತ್ತಿನಲ್ಲಿ ಅಷ್ಟನ್ನು ತಡೆದು ನಿಧಾನ ಬಿಟ್ಟರೆ ಕೆಳಗಿನವರಿಗೆ ಉಸಿರಾಡಲು ಸಮಯ ಸಿಗುತ್ತದೆ.

ಚೀನಾದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಕಾಂಗ್‌ಜಿಯಾನ್ ಯು ಅವರ ‘ಸ್ಪಾಂಜ್ ಸಿಟಿ’ ವಿಚಾರ ಇದೇ. ನೀರನ್ನು ಓಡಿಸಬೇಡಿ, ಇರಲು ಜಾಗ ಕೊಡಿ. ಅವರೂ ಹಳ್ಳಿಯಲ್ಲಿ ಬೇಸಾಯ ನೋಡಿ ಬೆಳೆದವರು. ನಮ್ಮಲ್ಲಿ ಇದಕ್ಕೆ ಹೊಸ ಹೆಸರು ಬೇಕಿಲ್ಲ. ಮಳೆಗಾಲದಲ್ಲಿ ಗದ್ದೆ, ಕೊಯ್ಲಾದ ಮೇಲೆ ಆಟದ ಬಯಲು. ಕೊಡಗಿನ ಎಷ್ಟೋ ಆಟಗಾರರು ಮೊದಲು ಓಡಿದ್ದು ಕೂಳೆ ಉಳಿದ ಗದ್ದೆಯಲ್ಲೇ. ಹಾಗಾಗಿ ಬದು ಗಟ್ಟಿ ಮಾಡಿಸಿ, ನೀರು ಬಿಡುವ ತೂಬು ಇಡಿಸಿ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿದೆವು. ಬೇಸಿಗೆಯಲ್ಲಿ ನೆಲ ಸಮ ಮಾಡಿ ಹಾಕಿ ಆಡುತ್ತಾರೆ. ಜುಲೈನಲ್ಲಿ ಅಲ್ಲೇ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಇಟ್ಟುಕೊಂಡರು. ಒಬ್ಬರಿಗೊಬ್ಬರು ಮುಖ ನೋಡದ ಸಾಲುಗಳ ಹುಡುಗರು ಒಂದೇ ಹಗ್ಗ ಹಿಡಿದು ಎಳೆದರು.

ಪಾರ್ಕಿನ ಕಥೆ ಏನಾಯಿತು? “ನಿಮಗೆ ಎಂಥ ಪಾರ್ಕ್ ಬೇಕು” ಅಂತ ನಾನು ಯಾರನ್ನೂ ಕೇಳಲಿಲ್ಲ. ಮಳೆಗಾಲದಲ್ಲಿ ದಿನ ಹೇಗೆ ಹೋಗುತ್ತದೆ ಅಂತ ಕೇಳಿದೆ. ಎಲ್ಲ ಕಡೆ ಒಂದೇ ಉತ್ತರ. ಬಟ್ಟೆ ಒಣಗುವುದಿಲ್ಲ, ಸ್ನಾನದ ನೀರಿಗೆ ಇಟ್ಟ ಸೌದೆ ಒದ್ದೆ, ಮನೆಯಿಂದ ಹೊರಗೆ ಕಾಲಿಡಲು ಜಾಗ ಇಲ್ಲ. ಹಳೆ ಮನೆಯಲ್ಲಿ ಒಲೆಯ ಮೇಲೆ ಅಟ್ಟ ಇತ್ತು, ಉದ್ದ ಜಗಲಿ ಇತ್ತು. ನಾಲ್ಕು ತಿಂಗಳು ಮಳೆ ಬೀಳುವ ಊರಿನಲ್ಲಿ ಸಿಮೆಂಟ್ ಬೆಂಚು, ಜೋಕಾಲಿ ಇಟ್ಟ ಪಾರ್ಕ್ ಪಾಚಿ ಹಿಡಿಯಲು ಮಾತ್ರ.

ಹಾಗಾಗಿ ಪಾರ್ಕಿಗೆ ಇಟ್ಟಿದ್ದ ಜಾಗದಲ್ಲಿ, ಮೂರು ಕಾಲುದಾರಿ ಸೇರುವಲ್ಲಿ, ಒಂದು ಉದ್ದನೆಯ ಶೆಡ್ ಕಟ್ಟಿಸಿದೆವು. ಕುಸಿದ ಮನೆಗಳಿಂದ ಎತ್ತಿಟ್ಟುಕೊಂಡಿದ್ದ ಮಂಗಳೂರು ಹೆಂಚನ್ನು ಜನರೇ ತಂದು ಕೊಟ್ಟರು. ಇರಚಲು ಬೀಳದ ಹಾಗೆ ಮಾಡು ಅಗಲ. ಗಾಳಿ ಆಡಲಿ ಅಂತ ಎರಡು ಕಡೆ ತೆರೆದದ್ದು. ಮೇಲೆ ಬಟ್ಟೆಗೆ ತಂತಿ, ಒಂದು ಬದಿ ಮನೆಗೊಂದು ಸೌದೆ ಗೂಡು, ಉಳಿದ ಕಡೆ ಕೂರಲು ಕಟ್ಟೆ. ಕಟ್ಟೆಯ ಮೇಲೆ ಕೂತರೆ ಶಾಲೆ ಬಸ್ಸು ನಿಲ್ಲುವ ತಿರುವು ಕಾಣಬೇಕು ಅಂತ ತಾಯಂದಿರು ಹೇಳಿದ್ದರು, ಅದಕ್ಕೆ ಸರಿಯಾಗಿ ಶೆಡ್ಡಿನ ದಿಕ್ಕನ್ನೇ ಬದಲಿಸಿದೆ. ಈಗ ಮಧ್ಯಾಹ್ನ ಹೋದರೆ ಬಟ್ಟೆ ಮಡಿಚುತ್ತಾ, ಕರಿಮೆಣಸು ಬಿಡಿಸುತ್ತಾ ಐದಾರು ಜನ ಇದ್ದೇ ಇರುತ್ತಾರೆ.

ಬೇಲಿಗೆ ಯಾವ ಗಿಡ ಅಂತ ಬಂದಾಗ ನನ್ನ ಪಟ್ಟಿಯನ್ನು ಒಬ್ಬರು ಅಜ್ಜಿ ಪಕ್ಕಕ್ಕೆ ಸರಿಸಿದರು. “ಮದ್ದು ಸೊಪ್ಪು ಹಾಕು ಮಗಳೇ. ಕಕ್ಕಡ ಹದಿನೆಂಟಕ್ಕೆ ಪೇಟೆಯಿಂದ ತರುವುದಾ?” ಅಂದರು. ಕಕ್ಕಡದ ಹದಿನೆಂಟನೇ ದಿನ ಈ ಸೊಪ್ಪಿನ ಪಾಯಸ ಮಾಡುವ ಹಬ್ಬ. ತೇವ, ನೆರಳು ಎರಡೂ ಇರುವ ಕಡೆ ಈ ಗಿಡ ಸೊಗಸಾಗಿ ಬರುತ್ತದೆ, ಮಣ್ಣನ್ನೂ ಮುಚ್ಚುತ್ತದೆ. ತೋಡಿನ ಎರಡು ಬದಿ ಅದನ್ನೇ ನೆಟ್ಟೆವು. ಮೊದಲ ಕೊಯ್ಲಿನ ಸೊಪ್ಪಿನಿಂದ ಅಜ್ಜಿ ಪಾಯಸ ಮಾಡಿ ಪೂರ್ತಿ ಸಾಲಿಗೆ ಹಂಚಿದರು, ಆ ಹಬ್ಬ ಇಲ್ಲದ ಮನೆಗಳಿಗೂ.

ಇಂಥ ಕೆಲಸ ಉಳಿಯುವುದು ನಿರ್ವಹಣೆಯಿಂದ. ಮೇ ಕೊನೆಯಲ್ಲಿ ಚರಂಡಿ, ಮೋರಿ ಸ್ವಚ್ಛ ಮಾಡಬೇಕು, ಮೊದಲ ಜೋರು ಮಳೆಯ ಮರುದಿನ ಇನ್ನೊಮ್ಮೆ. ಒಂದು ಬುಟ್ಟಿ ತರಗೆಲೆ ಸಾಕು ಮೋರಿ ಕಟ್ಟಲು. ಒಂದೊಂದು ಸಾಲಿಗೆ ಒಬ್ಬರು ಜವಾಬ್ದಾರಿ ತೆಗೆದುಕೊಂಡಿದ್ದಾರೆ. ಏನು ನೋಡಬೇಕು ಅಂತ ಅವರಿಗೆ ಸ್ಥಳದಲ್ಲೇ ತೋರಿಸಿದ್ದೇನೆ. ಬರೆಯ ಮೇಲೆ ಹೊಸ ಬಿರುಕು, ವಾಲಿದ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ತಿಳಿಯಾಗಿ ಬರುತ್ತಿದ್ದ ಒಸರು ಕೆಂಪಾದದ್ದು ಅಥವಾ ಪೂರ್ತಿ ನಿಂತದ್ದು. ಇದರಲ್ಲಿ ಯಾವುದು ಕಂಡರೂ ರಾತ್ರಿ ಆ ಮನೆಯಲ್ಲಿ ಮಲಗಬಾರದು.

ಲಾವಂಚಕ್ಕೂ ಮಿತಿ ಇದೆ. ಬೇರು ಇಳಿದದ್ದಕ್ಕಿಂತ ಆಳದಲ್ಲಿ ಮಣ್ಣು ಜಾರಿದರೆ ಯಾವ ಗಿಡವೂ ಹಿಡಿಯಲಾರದು. ಮೇಲಿನ ಸಾಲಿನ ಕೆಲವು ಮನೆಗಳ ಹಿಂದಿನ ಬರೆ ಅಂಥದ್ದು. ಅದು ಎಂಜಿನಿಯರ್ ಲೆಕ್ಕ ಹಾಕಿ ಕಟ್ಟಬೇಕಾದ ಗೋಡೆ. ನಕ್ಷೆ ತಯಾರಿದೆ, ಹಣ ಇನ್ನೂ ಮಂಜೂರಾಗಿಲ್ಲ, ನಾವು ಬಿಡದೆ ಕೇಳುತ್ತಿದ್ದೇವೆ. ಅಲ್ಲಿವರೆಗೆ ರೆಡ್ ಅಲರ್ಟ್ ಬಂದ ದಿನ ಮೇಲಿನ ಸಾಲಿನ ಯಾವ ಮನೆಯವರು ಕೆಳಗಿನ ಯಾರ ಮನೆಗೆ ಹೋಗಬೇಕು ಅಂತ ಎಲ್ಲರೂ ಆ ಶೆಡ್ಡಿನಲ್ಲಿ ಕೂತು ಮೊದಲೇ ಮಾತಾಡಿಕೊಂಡಿದ್ದಾರೆ.